ಚುಕ್ಕೆ ಹ್ಯಾಟೆಯ ಕಾವು

ಇಲ್ಲ, ತಪ್ಪು. ಇನ್ನೊಂದು ಸಲ ಹೇಳ್ತೀನಿ, ಕಿವಿ ಕೊಟ್ಟು ಕೇಳು. ಹುಟ್ಟಿದಾಗ ಬೆಳ್ಳಗೆ. ಸ್ನಾನ ಮಾಡಿಸಿದಷ್ಟೂ ಕೊಳಕಾಗುತ್ತೆ. ಮೈಗೆ ಬಣ್ಣ ಏರಿದ ಮೇಲೆ ಮರ್ಯಾದೆ ಜಾಸ್ತಿ. ಅಜ್ಜಿ ಅದನ್ನ ಕಣ್ಣಿಗೆ ಒತ್ಕೊಂಡು ಒಳಕ್ಕೆ ಕರ್ಕೊಂಡು ಹೋಗ್ತಾಳೆ. ಏನದು?

ತಲೆ ಅಲ್ಲಾಡಿಸಬೇಡ ಕಣೇ, ಡ್ರಿಪ್ಪಿನ ಪೈಪು ಅಲ್ಲಾಡುತ್ತೆ, ಆ ಸಿಸ್ಟರ್ ಬಂದು ನನ್ನ ಬೈತಾರೆ. ಬೆರಳಲ್ಲಿ ಹೇಳು. ಒಂದು ಬೆರಳು ಅಂದ್ರೆ ಗೊತ್ತು, ಎರಡು ಅಂದ್ರೆ ಗೊತ್ತಿಲ್ಲ... ಎರಡು. ಗೊತ್ತಾಗಲ್ಲ ಬಿಡು. ಹತ್ತನೇ ಕ್ಲಾಸು ಫೇಲಾದ ಈ ತಿಪ್ಪೇಶ ಕಟ್ಟಿದ ಒಗಟು, ಎಂಟನೇ ಕ್ಲಾಸಿನ ಧನುಶ್ರೀ ಬಿಡಿಸಿಬಿಟ್ರೆ ಅಣ್ಣ ಅನ್ನೋನಿಗೆ ಏನು ಮರ್ಯಾದೆ. ಉತ್ತರ ಆಮೇಲೆ.

ಮಾತಾಡಬೇಡ ಅಂದ್ನಲ್ಲ. ವಾಂತಿ ಮಾಡಿ ಮಾಡಿ ಗಂಟಲು ಕಿತ್ತು ಹೋಗಿದೆ, ಸಂಜೆವರೆಗೂ ಮಾತು ಬೇಡ ಅಂತ ಡಾಕ್ಟರಮ್ಮ ಹೇಳವ್ರೆ. ನಂಗೂ ಅದೇ ಬೇಕಾಗಿತ್ತು. ನೀನು ಮಾತು ಕಲಿತಾಗಿಂದ ನಾನು ಒಂದು ಕಥೆ ಪೂರ್ತಿ ಹೇಳಿ ಮುಗಿಸಿದ್ದೇ ಇಲ್ಲ, ನಡುವೆ ಬಾಯಿ ಹಾಕಿ ಕೆಡಿಸ್ತೀಯ. ಇವತ್ತು ಈ ತರೀಕೆರೆ ಆಸ್ಪತ್ರೆಲಿ ನಾನೊಬ್ಬನೇ ರೇಡಿಯೋ. ಆಫ್ ಮಾಡೋ ಗುಂಡಿ ನಿನ್ನ ಹತ್ರ ಇಲ್ಲ.

ಅವ್ವ ಹೊರಗಡೆ ಬೆಂಚಿನ ಮೇಲೆ ಕೂತಂಗೇ ನಿದ್ದೆ ಹೋಗವ್ಳೆ. ಅಜ್ಜಿ ಗಂಜಿ ತರ್ತೀನಿ ಅಂತ ಬಸ್‌ಸ್ಟ್ಯಾಂಡ್ ಕಡೆ ಹೋದ್ಲು. ಹೋಗೋವಾಗ ನನ್ನ ರಟ್ಟೆ ಹಿಡ್ಕೊಂಡು ಏನಂದ್ಲು ಗೊತ್ತಾ? "ಲೇ ತಿಪ್ಪ, ಕೂಸು ಆಸ್ಪತ್ರೆಗೆ ಬಂದಾಗಿಂದ ಒಂದು ಸಲ ನಕ್ಕಿಲ್ಲ ಕಣೋ. ಊರಲ್ಲೆಲ್ಲಾ ಕೋತಿ ಕುಣ್ದಂಗೆ ಕುಣೀತೀಯಲ್ಲ, ಇಲ್ಲೊಸಿ ಕುಣಿ." ಆಯ್ತು ದುರ್ಗಮ್ಮನೋರೆ ಅಂದೆ. ನಿನ್ನ ನಗಿಸದೆ ಈ ಸ್ಟೂಲು ಬಿಟ್ಟು ಏಳಲ್ಲ. ಹಲ್ಲು ಕಾಣಬೇಕು. ತುಟಿ ಓರೆ ಮಾಡೋದು ಲೆಕ್ಕಕ್ಕಿಲ್ಲ.

ಅದಾ? ಫೋನು. ಜೇಬಲ್ಲಿ ಗುಂಯ್ ಅಂತೈತೆ. ಬಿಡು, ಹಲೋ ಟ್ಯೂನ್ ಹಾಕಿಸ್ಕೊಳ್ಳಿ ಅಂತ ಕಂಪನಿಯೋರು ತಲೆ ತಿಂತಾರೆ.

ಸರಿ. ನಗು ಬರೋ ಕಥೆ ಬೇಕಾ, ವಾಕರಿಕೆ ಬರೋ ಕಥೆ ಬೇಕಾ? ನಗು ಅಂತೀಯಾ. ನನ್ನ ಹತ್ರ ಈಗ ಸ್ಟಾಕ್ ಇರೋದು ವಾಕರಿಕೇದೇ. ಕರಿಸಿದ್ದಪ್ಪನ ಕೋಳಿ ಫಾರಂ.

ಅಜ್ಜಂಪುರ ಬಿಟ್ಟು ಈರುಳ್ಳಿ ಹೊಲ ದಾಟಿದ್ರೆ ಉದ್ದನೆ ಶೆಡ್ಡು ಸಿಗುತ್ತಲ್ಲ, ನೀನು ಬಸ್ಸಲ್ಲಿ ದುಪಟ್ಟಾ ಮೂಗಿಗೆ ಹಿಡ್ಕೊಳ್ತೀಯಲ್ಲ, ಅದೇ. ನೀನು ಮೂಗು ಮುಚ್ಚಿಕೊಂಡು ದಾಟೋ ಜಾಗದಲ್ಲಿ ನಿನ್ನ ಅಣ್ಣ ಬೆಳಗಿನ ತಿಂಡಿ ತಿಂತಾನೆ. ಮೊದಮೊದಲು ಕಣ್ಣುರಿ, ಗಂಟಲುರಿ. ಆಮೇಲೆ ಮೂಗು ಸತ್ತೋಗುತ್ತೆ. ಚಿತ್ರಾನ್ನಕ್ಕೂ ಕೋಳಿ ಗೊಬ್ಬರಕ್ಕೂ ವ್ಯತ್ಯಾಸ ಗೊತ್ತಾಗೋದು ಒಗ್ಗರಣೇಲಿ ಮಾತ್ರ.

ಪಂಜರದ ಮೇಲೆ ಪಂಜರ. ಒಂದೊಂದರಲ್ಲೂ ಮಂಡಕ್ಕಿ ಚೀಲ ತುಂಬಿದಂಗೆ ಕೋಳಿ ತುಂಬವ್ನೆ. ಮೇಲಿನ ಸಾಲಿನ ಕೋಳಿ ಹೇತ್ರೆ ಕೆಳಗಿನ ಸಾಲಿನ ಕೋಳಿ ತಲೆಗೆ ಅಭಿಷೇಕ. ಅದರ ಕೆಳಗೆ ಗುಂಡಿ. ಈ ಬಿಸಿಲಿಗೆ ಗುಂಡಿ ಮೇಲೆ ಪೊರೆ ಕಟ್ಟುತ್ತೆ ಕಣೇ, ಹಾಲು ಕಾಯಿಸಿ ಇಟ್ರೆ ಕೆನೆ ಕಟ್ಟುತ್ತಲ್ಲ, ಹಂಗೆ. ಕಡ್ಡೀಲಿ ಎತ್ತಿ ನೋಡಿದ್ರೆ ಕೆನೆ ಕೆಳಗೆ ಹುಳ. ಒಂದಲ್ಲ ಎರಡಲ್ಲ. ಅನ್ನ ಕುದಿಯೋವಾಗ ಅಗುಳು ಮೇಲೆ ಕೆಳಗೆ ಹೋಗ್ತವಲ್ಲ...

ಮುಖ ಸಿಂಡರಿಸಬೇಡ. ಇನ್ನೂ ಶುರು.

ಈಗ ಸ್ವಲ್ಪ ದಿವಸದಿಂದ ಆ ಕೋಳಿಗಳಿಗೆ ಹೊಟ್ಟೆ ಕೆಟ್ಟಿದೆ. ನಿನ್ನಂಗೇ. ಹಳದಿ, ಹಸಿರು, ನೊರೆ ನೊರೆ. ಪುಕ್ಕದ ಹಿಂದೆ ಗಾರೆ ಮೆತ್ತಿದಂಗೆ ಗಟ್ಟಿ ಆಗಿರುತ್ತೆ. ಒಂದು ಸತ್ತು ಬಿದ್ರೆ ಮಿಕ್ಕವು ಅದರ ಮೇಲೆ ಹತ್ತಿ ನಿಂತು ಮೇವು ತಿಂತವೆ, ಮಣೆ ಹಾಕಿದಂಗಾಯ್ತು ಅವುಕ್ಕೆ. ಅದನ್ನ ಎಳೆದು ಹಾಕೋ ಕೆಲಸ ಯಾರದ್ದು? ನಂದು. ಕಾಲು ಹಿಡಿದು ಎಳೀತೀನಿ. ಒಂದೊಂದು ಸಲ ಕಾಲು ಮಾತ್ರ ಬರುತ್ತೆ.

"ಅಣ್ಣಾ, ಕೋಳಿಗೆ ಭೇದಿ" ಅಂತ ಕರಿಸಿದ್ದಪ್ಪನಿಗೆ ಹೇಳಿದೆ. ಅವನು ಫೋನಿಂದ ತಲೆ ಎತ್ತಲಿಲ್ಲ. "ಬಿಸಿಲಿಗೆ ಕಣ್ಲಾ. ಕುಡಿಯೋ ನೀರಿಗೆ ಆ ಪುಡಿ ಸುರಿ." ಎಷ್ಟು ಸುರೀಲಿ ಅಂದೆ. "ನೀರು ಹಳದಿ ಆಗೋವರೆಗೂ." ಅಷ್ಟೇ ಡಾಕ್ಟರಿಕೆ. ನೀರು ಹಳದಿ ಆಯ್ತು, ಕೋಳಿ ಹಳದಿ ಆಯ್ತು, ನೆಲ ಮೊದಲೇ ಹಳದಿ ಆಗಿತ್ತು.

ಮೊಟ್ಟೆ ಮಾತ್ರ ಬೆಳ್ಳಗೆ ಉರುಳಿ ಬರ್ತವೆ, ಪಾಪ. ಚೆನ್ನಾಗಿರೋವು ಟ್ರೇಗೆ. ಬಿರುಕು ಬಿಟ್ಟವು, ಹಿಕ್ಕೆ ಮೆತ್ಕೊಂಡವು ಬೇರೆ ಬುಟ್ಟಿಗೆ. ಹಿಕ್ಕೆ ಮೆತ್ಕೊಂಡವನ್ನ ನಾನು ತೊಳೀಬೇಕು. ಒಂದು ಬಕೆಟ್ಟು, ಒಂದು ಹಳೇ ಬನಿಯನ್ನು. ಬೆಳಗ್ಗೆ ತುಂಬಿದ ನೀರು ಮಧ್ಯಾಹ್ನದವರೆಗೂ ಅದೇ. ಮೊದಲನೇ ಮೊಟ್ಟೆಗೆ ಅದು ನೀರು, ಕೊನೇ ಮೊಟ್ಟೆಗೆ ಅದು ಸಾರು. ಆದ್ರೂ ಬನಿಯನ್ನಲ್ಲಿ ಒರೆಸಿ ಇಟ್ರೆ ಫಳಫಳ ಅಂತವೆ. ಅವೆಲ್ಲಾ ಕಡೂರಿಗೆ ಹೋಗ್ತವೆ, ಗಾಡೀಲಿ ಆಮ್ಲೆಟ್ ಹಾಕೋರಿಗೆ. ಪೂರ್ತಿ ಬೇಯಿಸಿದ್ರೆ ಬದುಕಿದ್ರು. ಹಾಫ್ ಬಾಯ್ಲ್ ಕೊಡಣ್ಣಾ, ಲೋಳೆ ಲೋಳೆಯಾಗಿರ್ಲಿ ಅಂತ ಕೇಳಿ ತಿನ್ನೋ ಶೋಕಿಲಾಲರ ಗತಿ...

ಬೇಡ್ವಾ? ಬೇಸಿನ್ ಕೊಡ್ಲಾ? ಬರ್ತಿದೆಯಾ? ...ಇಲ್ಲ ಅಲ್ವಾ. ಉಸಿರು ಎಳ್ಕೋ. ಹೂಂ. ಫಾರಂ ಕಥೆ ಸಾಕು.

ಯಾಕೆ ನನ್ನ ಉಗುರು ನೋಡ್ತಿದ್ದೀಯ? ಇದಾ, ಅಡಿಕೆ ಚೊಗರಿನ ಕಂದು ಕಲೆ. ಲಿಂಗದಹಳ್ಳಿ ಕಡೆ ಸುಲಿಯೋಕೆ ಹೋಗಿದ್ದೆ, ಅಂಟ್ಕೊಂಡ್ರೆ ಬೇಗ ಬಿಡಲ್ಲ. ...ಕೊಯ್ಲು ಮುಗಿದ ಮೇಲೆ ಈ ಬಿಸಿಲಲ್ಲಿ ಎಲ್ಲಿ ಅಡಿಕೆ ಸುಲೀತಾರೆ ಅಂತೀಯಾ? ಸುಲೀತಾರಪ್ಪಾ. ನಿಂಗೇನು ಗೊತ್ತು, ನೀನು ಓದೋಳು.

ನಿನ್ನ ಶಾಸ್ತ್ರದ ಕಥೆ ಹೇಳ್ತೀನಿ ಇರು, ಅದರಲ್ಲಿ ನಗು ಐತೆ. ನೀನು ದೊಡ್ಡವಳಾದೆ ಅಂತ ಸುದ್ದಿ ಹೋದ ಮಾರನೇ ದಿವಸ ಚಂದ್ರಕುಮಾರ ಮಾವ ಬಂದಿಳಿದ್ನಲ್ಲ, ಹೆಗಲ ಮೇಲೆ ತೆಂಗಿನ ಗರಿ, ಕೈಲಿ ಅತ್ತಿ ಸೊಪ್ಪು. ಸೋದರಮಾವ ಅಲ್ವಾ, ಗುಡ್ಲು ಹಾಕೋದು ಅವನ ಹಕ್ಕು. ಹಿತ್ತಲಲ್ಲಿ ಹಾಕ್ದ. ನೀನು ಒಳಗೆ ಕೂತು ಸೀನಿದ್ದಕ್ಕೆ ಒಂದು ಮೂಲೆ ಬಿತ್ತು. "ಗಾಳಿ ಕಣೇ" ಅಂದ. ಗಾಳಿ ಎಲ್ಲಿತ್ತು. ಎದ್ದು ಮತ್ತೆ ಕಟ್ಟಿ, ಮತ್ತೆ ಬೀಳಿಸಿ... ಆಮೇಲೆ ಗೋಡೆ ಮೇಲಿದ್ದ ಬುದ್ಧನ ಫೋಟೋಗೆ ಸುತ್ತಿದ್ದ ದಾರಾನೇ ಬಿಚ್ಕೊಂಡು ಹೋಗಿ ಕಟ್ಟಿದ. ಅಜ್ಜಿ ಬೈದಿದ್ದಕ್ಕೆ "ಅವರು ಬೇಜಾರು ಮಾಡ್ಕೊಳ್ಳಲ್ಲ ಬಿಡತ್ತೆ" ಅಂದ.

ಇದಕ್ಕೂ ನಗಲ್ವಾ. ಕಷ್ಟ ಐತೆ ನಿನ್ನ ಜೊತೆ.

ದಿನಾ ಬೆಳಗ್ಗೆ ಅಜ್ಜಿ ಹಸಿ ಮೊಟ್ಟೆ ನೆತ್ತಿ ಒಡೆದು ನಿನ್ನ ಕೈಗೆ ಕೊಡ್ತಿದ್ಲು. ನೀನು ಎತ್ತಿ ಬಾಯಿಗೆ ಹುಯ್ಕೋಬೇಕು, ಅದರ ಹಿಂದೇನೆ ಎಳ್ಳೆಣ್ಣೆ. ಸೊಂಟ ಗಟ್ಟಿ ಆಗ್ತದಂತೆ. ನಿನ್ನ ಮುಖ ನೋಡಬೇಕಿತ್ತು ಆವಾಗ, ಟಯರಿಗೆ ಸಿಕ್ಕಿದ ಕಪ್ಪೆ. ಅಜ್ಜಿದು ಒಂದೇ ಹಟ, ನಾಟಿ ಮೊಟ್ಟೆನೇ ಆಗಬೇಕು. "ಫಾರಂದು ರಬ್ಬರು. ನಂಗೆ ಮೂಸಿದ್ರೇ ಗೊತ್ತಾಗುತ್ತೆ, ಯಾವ ಕೋಳಿ ಯಾವ ಕೇರಿಯದು ಅಂತ." ಮಾವನೂ ಸೇರ್ಕೊಂಡ. "ಮೊಟ್ಟೆ ನನ್ನ ಜವಾಬ್ದಾರಿ. ಲೇ ತಿಪ್ಪೇಶ, ಬುಕ್ಕಾಂಬುಧಿಗೆ ಹೋಗಿ ಭಾಗಮ್ಮನ ಹತ್ರ ತಗೊಂಡು ಬಾ. ಅವಳ ಕೋಳಿ ಕೆರೆ ಏರಿ ಮೇಲೆ ಹುಳ ಹೆಕ್ಕಿ ತಿಂದು ಬೆಳೆದವು."

ಭಾಗಮ್ಮ ಗೊತ್ತಲ್ಲ. ಒಂಟಿ ಮುದುಕಿ, ಆ ಕೋಳಿಗಳೇ ಅವಳ ಸಂಸಾರ. ಒಂದೊಂದಕ್ಕೂ ಹೆಸರಿಟ್ಟು ಕರೀತಾಳೆ. ನೀನು ಹೋದ ಸಲ ನನ್ನ ಜೊತೆ ಅಲ್ಲಿಗೆ ಬಂದಾಗ ಚುಕ್ಕೆ ಹ್ಯಾಟೆ ಅನ್ನೋ ಆ ಎಳೇ ಕೋಳೀನ ಮಡಿಲಲ್ಲಿ ಕೂರಿಸ್ಕೊಂಡು ಬಿಡಲೇ ಇಲ್ಲ. ಇದು ಮರಿ ಮಾಡಿದ್ರೆ ಮೊದಲನೇ ಪಿಳ್ಳೆ ನಿಂಗೆ ಅಂದಿದ್ಲು. ಮಿಕ್ಕ ಕೋಳಿಗಳನ್ನ ಹಿಡಿಯೋಕೆ ಆಗಲ್ಲ, ಮನುಷ್ಯನ್ನ ಕಂಡ್ರೆ ಹುಣಸೆಮರ ಹತ್ತಿ ಕೂತ್ಕೊಂಡು ಮೇಲಿಂದ ಬೈತವೆ. ಆ ಹ್ಯಾಟೆ ಒಂದೇ ಮೆದು. ಅದೂ ಈಗ ಕಾವಿಗೆ ಕೂತ ಮೇಲೆ ಬೇರೆ ತರ. ನಾನು ಹೋದಾಗ ಹಟ್ಟಿ ಮೂಲೇಲಿ, ಮುರುಕು ಮಂಕರಿ ಬುಟ್ಟೀಲಿ ಹರಡ್ಕೊಂಡು ಕೂತಿತ್ತು. ಕೈ ಮುಂದೆ ಮಾಡಿದ್ರೆ ಕುಕ್ಕುತ್ತೆ, ಜಾಗ ಬಿಟ್ಟು ಮಾತ್ರ ಏಳಲ್ಲ. ಭಾಗಮ್ಮ ನನ್ನ ಕೈಗೆ ಬಾರಿಸಿದ್ಲು. "ಹ್ಯಾಟೆ ಕಾವಿಗೆ ಕೂತೈತೆ, ಮಿಕ್ಕವು ಈ ಬಿಸಿಲಿಗೆ ಮೊಟ್ಟೆ ನಿಲ್ಲಿಸವೆ, ಒಂದೂ ಇಲ್ಲ, ಹೋಗಪ್ಪಾ" ಅಂತ...

...

ಅಂದ್ರೆ, ಅದು ಮೊದಲನೇ ದಿವಸ. ಆಮೇಲೆ ಕೊಟ್ಲು. ಬೇರೆ ಕೋಳಿದು. ಬೇರೆ ಕೋಳಿ ಇಟ್ವು ಆಮೇಲೆ.

ಹಂಗೆ ನೋಡಬೇಡ ಧನು. ಕೊಟ್ಲು ಅಂದ್ನಲ್ಲ.

ನೀರು ಬೇಕಾ? ಚಮಚದಲ್ಲಿ ಹಾಕ್ತೀನಿ. ...ನನ್ನ ಕೈಯಿಂದ ಬೇಡ್ವಾ. ಸರಿ, ಅಜ್ಜಿ ಬರ್ಲಿ.

ಬೆಳಗ್ಗೆ ಆ ಡಾಕ್ಟರಮ್ಮ ಹೇಳಿದ ರೋಗದ ಹೆಸರು ಕೇಳಿದ್ಯಾ? ಸಾಲ್ಮೊನೆಲ್ಲಾ. ಮುಖಕ್ಕೆ ಹಚ್ಚೋ ಕ್ರೀಮಿನ ಹೆಸರಿದ್ದಂಗೈತೆ. ಅದು ಇರೋದು ಎಲ್ಲಿ, ಕೋಳಿ ಕರುಳಲ್ಲಿ. ನೋಡಿದ್ರೆ ಗೊತ್ತೇ ಆಗಲ್ವಂತೆ, ಎಷ್ಟೋ ಕೋಳಿ ಗಟ್ಟಿಮುಟ್ಟಾಗಿ ಓಡಾಡ್ಕೊಂಡೇ ಹೊಟ್ಟೇಲಿ ಇಟ್ಕೊಂಡಿರ್ತವೆ. ಹಿಕ್ಕೆಯಿಂದ ಚಿಪ್ಪಿಗೆ ಬರುತ್ತೆ. ಮೊಟ್ಟೆ ಮೇಲೆ ಒಂದು ತೆಳ್ಳನೆ ಪೊರೆ ಇರುತ್ತಂತೆ, ದೇವರು ಹಾಕಿ ಕಳಿಸಿರೋ ಕಾವಲು. ಅದನ್ನ ನೀರಲ್ಲಿ ಉಜ್ಜಿ ತೊಳೆದ್ರೆ ಕಾವಲು ಹೋಯ್ತು. ಚಿಪ್ಪಲ್ಲಿ ಕಣ್ಣಿಗೆ ಕಾಣದ ತೂತು, ಆ ತೂತಲ್ಲಿ ಕೊಳಕು ನೀರು ಒಳಗೆ. ಮೇಲೆ ಫಳಫಳ. ಬೆಚ್ಚಗೆ ಇಟ್ರೆ ಒಳಗಡೆ ಸಂಸಾರ ಬೆಳೆಯುತ್ತೆ.

ಅಜ್ಜಿ ಬಿಡ್ತಾಳಾ? "ನಾವೆಲ್ಲಾ ಹಸಿ ಮೊಟ್ಟೆ ಕುಡಿದೇ ದೊಡ್ಡೋರಾಗಿದ್ದು ಕಣಮ್ಮಾ" ಅಂದ್ಲು. ಡಾಕ್ಟರಮ್ಮ ಬೇಜಾರು ಮಾಡ್ಕೊಳ್ಳಲಿಲ್ಲ. "ನಾಟಿ ಆಗ್ಲಿ, ಫಾರಂ ಆಗ್ಲಿ, ಹಸೀದು ಕೊಡಬೇಡಿ ಅಜ್ಜಿ. ಬೇಯಿಸಿ ಕೊಡಿ, ಶಾಸ್ತ್ರ ಏನೂ ಕೆಡಲ್ಲ" ಅಂದ್ರು. ಆಮೇಲೆ ಕೇಳಿದ್ರು, ಮೊಟ್ಟೆ ಎಲ್ಲೀದು, ಅದೇ ಮೊಟ್ಟೆ ಬೇರೆ ಯಾರಾದ್ರೂ ತಿಂದಿದ್ರೆ ಅವರಿಗೂ ಹೇಳಬೇಕಲ್ಲ ಅಂತ. ಅಜ್ಜಿ ಥಟ್ ಅಂತ, "ಬುಕ್ಕಾಂಬುಧಿ ಭಾಗಮ್ಮನ ಮನೇದು." ಡಾಕ್ಟರಮ್ಮ ನಿನ್ನ ಕಡೆ ತಿರುಗಿ, "ಹೌದೇನಮ್ಮಾ?" ಅಂದ್ರು.

ನೀನು ಗೋಡೆ ನೋಡಿದೆ.

ಆವಾಗಿನ್ನೂ ನಿನಗೆ ಮಾತು ಬರ್ತಿತ್ತಲ್ಲ. ಅದಕ್ಕೆ ಸ್ವಲ್ಪ ಮುಂಚೆ ಅವ್ವನ ಹತ್ರ ನೀರು ಕೇಳಿದ್ದೆ. ಹೌದು ಅನ್ನಬಹುದಿತ್ತು. ಇಲ್ಲ ಅನ್ನಬಹುದಿತ್ತು. ಯಾಕೆ ಗೋಡೆ ನೋಡಿದೆ?

ಆ ಬಾಗಿಲ ಹತ್ರ ನಿಂತಿದ್ದ ಮಾವನ ಮುಖ ನೋಡ್ಲಿಲ್ಲ ನೀನು. ಕೆಂಪಗಾಗಿಬಿಡ್ತು. ಅವನ ಜವಾಬ್ದಾರಿ ಮೊಟ್ಟೆ, ಅವನ ತಂಗಿ ಮಗಳು ಹಾಸಿಗೇಲಿ. "ಆ ಮುದುಕಿ ರೋಗದ ಕೋಳಿ ಮೊಟ್ಟೆ ಕೊಟ್ಟವಳೆ. ಇವತ್ತು ಒಂದೂ ಉಳಿಸಲ್ಲ, ಎಲ್ಲದರ ಕತ್ತು ಮುರಿದು ಗುಂಡಿ ತೋಡಿ ಹಾಕಿ ಬರ್ತೀನಿ." ಬೈಕಿನ ಕೀ ಎತ್ಕೊಂಡ, ಹೋದ. ಅಜ್ಜಿ ತಡೀಲಿಲ್ಲ. ಅವ್ವ ತಡೀಲಿಲ್ಲ. ನಾನು... ನಾನು ಆವಾಗ ಬಾತ್‌ರೂಮಿಗೆ ಹೋಗಿದ್ದೆ.

ಇಲ್ಲೇ ಇದ್ದೆ ಅಂತೀಯಾ? ನಿನ್ನ ಕಾಲ ಹತ್ರ? ...ಇದ್ದೆ.

ಹೋಗ್ಲಿ ಬಿಡು, ಮಾವ ಏನು ಹಿಡೀತಾನೆ. ಗುಡ್ಲು ಕಟ್ಟೋಕೆ ಬರದೋನು ಹುಣಸೆಮರ ಹತ್ತುತ್ತಾನಾ.

ಮತ್ತೆ ಫೋನು. ಬಿಡೇ, ಅದರ ಕಡೆ ನೋಡಬೇಡ.

ಏನು, ಬೆರಳು ತೋರಿಸ್ತಿದ್ದೀಯ? ನನ್ನ ಉಗುರು. ಹೇಳಿದ್ನಲ್ಲ, ಚೊಗರು. ...ನಿನ್ನ ಬೆರಳಾ? ನಿನ್ನ ಬೆರಳಿಗೇನಾಗಿದೆ, ಬೆಳ್ಳಗಿದೆ. ಒರೆಸಿದ್ಯಾ? ಏನು ಒರೆಸಿದ್ದು... ಟವೆಲ್ಲು.

ಟವೆಲ್ಲು. ಗುಡ್ಲಲ್ಲಿ ನಿನ್ನ ಹತ್ರ ಇದ್ದ ಬಿಳೀ ಟವೆಲ್ಲು. ಕಂದು ಕಂದು ಬೆರಳ ಗುರುತು. ಅಜ್ಜಿ ಕೇಳಿದ್ಲಲ್ಲ, ಏನೇ ಇದು ಕಲೆ ಅಂತ. ನೀನು, "ಟೀ ಚೆಲ್ತು ಅಜ್ಜಿ" ಅಂದೆ. ನಾನು ಅಲ್ಲೇ ಬಾಗಿಲಲ್ಲಿ ಹಲ್ಲುಜ್ತಾ ನಿಂತಿದ್ದೆ.

ನೀನು ಟೀನೇ ಕುಡಿಯಲ್ಲ.

...

ಯಾವಾಗಿಂದ ಗೊತ್ತು ನಿಂಗೆ? ಮೊದಲನೇ ಮೊಟ್ಟೆಯಿಂದಾನಾ? ತಲೆ ಅಲ್ಲಾಡಿಸಬೇಡ, ಬೆರಳು. ...ಒಂದು. ಥೂ. ಗೊತ್ತಿದ್ದೂ ದಿನಾ ಕುಡಿದ್ಯಾ? ಅಜ್ಜಿ ಮುಂದೆ ಟಯರಿಗೆ ಸಿಕ್ಕಿದ ಕಪ್ಪೆ ತರ ಮುಖ ಮಾಡ್ಕೊಂಡು, ನನ್ನ ಕಡೆ ಓರೆಗಣ್ಣಲ್ಲಿ ನೋಡ್ತಿದ್ಯಲ್ಲ... ನಾನೆಲ್ಲೋ ನಿಂಗೆ ನಾಚಿಕೆ ಅಂದ್ಕೊಂಡಿದ್ದೆ. ನೀನು ನಗು ತಡ್ಕೊಳ್ತಿದ್ದೆ. ಇಬ್ಬರೂ ಸೇರಿ ಅಜ್ಜಿನ ಬಕ್ರಾ ಮಾಡ್ತಿದ್ದೀವಿ ಅಂತ ಅಂದ್ಕೊಂಡು ಕುಡಿದ್ಯೇನೇ? ನಾನು ಏಟು ತಿನ್ನಬಾರದು ಅಂತಾನಾ?

ಎರಡು ಬೆರಳು. ಗೊತ್ತಿಲ್ಲ ಅಂತಾನಾ, ಎರಡೂ ಹೌದು ಅಂತಾನಾ?

ಸರಿ, ನನ್ನ ಒಗಟಿಗೆ ಉತ್ತರ ತಗೋ. ಹುಟ್ಟಿದಾಗ ಬೆಳ್ಳಗಿರೋದು ಫಾರಂ ಮೊಟ್ಟೆ. ಭಾಗಮ್ಮ ಇಲ್ಲ ಅಂದ್ಲು, ಬರಿಗೈಲಿ ವಾಪಸ್ ಬರೋವಾಗ ಫಾರಂ ಮುಂದೆ ಗಾಡಿ ನಿಲ್ಲಿಸಿದೆ. ತಲೇಲಿ ಹುಳ ಹೊಕ್ತು. ಮೂಸಿದ್ರೇ ಗೊತ್ತಾಗುತ್ತೆ ಅಂತಾಳಲ್ಲ ಈ ದುರ್ಗಮ್ಮ, ನೋಡೇಬಿಡೋಣ ಇವಳ ಮೂಗು. ಟ್ರೇದು ಮುಟ್ಟಿದ್ರೆ ಕರಿಸಿದ್ದಪ್ಪ ಕಂಡುಹಿಡೀತಾನೆ, ಅದಕ್ಕೆ ಹಿಕ್ಕೆ ಮೆತ್ತಿದ ಬುಟ್ಟಿಯಿಂದ ಸಣ್ಣ ಸಣ್ಣವು ಆರಿಸಿದೆ. ಆ ಬಕೆಟ್ಟಲ್ಲೇ ತೊಳೆದೆ. ಆ ಬನಿಯನ್ನಲ್ಲೇ ಉಜ್ಜಿದೆ. ಶೆಡ್ಡಲ್ಲೇ ಟೀ ಪುಡಿ ಕುದಿಸಿ ಡಿಕಾಕ್ಷನ್ ಮಾಡಿ, ಉಗುರು ಬೆಚ್ಚಗಾಗೋಕೆ ಬಿಟ್ಟೆ. ಬಿಸೀದಕ್ಕೆ ಹಾಕಿದ್ರೆ ಬೆಂದುಬಿಡ್ತವಲ್ಲ. ರಾತ್ರಿಯೆಲ್ಲಾ ಅದರಲ್ಲಿ ಮುಳುಗಿಸಿಟ್ಟೆ. ಬೆಳಗ್ಗೆ ನೋಡಿದ್ರೆ ಏನು ಬಣ್ಣ ಅಂತೀಯ. ಭಾಗಮ್ಮನ ಕೋಳಿ ನಾಚ್ಕೋಬೇಕು.

ಅಜ್ಜಿ ಮೂಸಿದ್ಲು. ಕಣ್ಣಿಗೆ ಒತ್ಕೊಂಡ್ಲು. "ನೋಡ್ರೇ, ಕೆರೆ ಏರಿ ಮಣ್ಣಿನ ವಾಸನೆ" ಅಂದ್ಲು. ನಾನು ಹಿತ್ತಲಿಗೆ ಓಡಿಹೋಗಿ ಬಾಯಿಗೆ ಟವೆಲ್ ತುರ್ಕೊಂಡು ನಕ್ಕೆ.

ಮಣ್ಣಿನ ವಾಸನೆ ಅಲ್ಲ ಕಣೇ ಅದು. ಆ ಬಕೆಟ್ಟಿಂದು.

ಬೆಳಗ್ಗೆ ಡಾಕ್ಟರಮ್ಮ ಒಂದೊಂದೇ ಹೇಳ್ತಿದ್ರೆ ನಾನು ಈ ಉಗುರನ್ನ ಜೇಬಲ್ಲಿ ಮುಚ್ಚಿಟ್ಕೊಂಡೆ. ಉಜ್ಜಿದ್ರೆ ಕಾವಲು ಹೋಗುತ್ತೆ. ಉಜ್ಜಿದೋನು ಯಾರು. ಕೊಳಕು ನೀರು ಒಳಗೆ ಎಳ್ಕೊಳ್ಳುತ್ತೆ. ಮುಳುಗಿಸಿದೋನು ಯಾರು. ಬೆಚ್ಚಗಿಟ್ರೆ ಬೆಳೆಯುತ್ತೆ. ಬೆಚ್ಚಗಿಟ್ಟೋನು... ಅವರೇನೋ ನನ್ನ ಹಿಂದೆ ನಿಂತು ನೋಡಿ ಬಂದೋರಂಗೆ ಹೇಳ್ತಿದ್ರು. ಕರಿಸಿದ್ದಪ್ಪನ್ನ ಬೈದೆ ನಾನು ಇಷ್ಟೊತ್ತು, ಹುಳ, ಗುಂಡಿ, ಬಕೆಟ್ಟು ಅಂತ. ಅವನು ಕೊಳಕು ಮಾಡಿ ಬುಟ್ಟೀಲಿ ಬಿಟ್ಟಿದ್ದ. ಅದನ್ನ ಎತ್ಕೊಂಡು ಬಂದು ಬಣ್ಣ ಹಚ್ಚಿ ನಿನ್ನ ಬಾಯಿಗೆ ಕೊಟ್ಟಿದ್ದು ಈ ಕೈ. ಸೋಪು ಹಾಕಿ ಮೂರು ಸಲ ತೊಳೆದೆ, ಆಸ್ಪತ್ರೆ ನಲ್ಲೀಲಿ. ಬಣ್ಣ ಹೋಗಲ್ಲ. ಮೂಸಿದ್ರೆ ವಾಕರಿಕೆ ಬರುತ್ತೆ. ಸತ್ತ ಮೂಗಿಗೆ ಈಗ ಜೀವ ಬಂದೈತೆ ನೋಡು.

ಫೋನು ಕಂಪನಿಯೋರದ್ದಲ್ಲ. ಮಾವಂದು.

ಆವಾಗ ಒಂದು ಸಲ ಎತ್ತಿದ್ದೆ, ನಿನ್ನ ರೂಮಿಗೆ ತಿರುಗಿ ಬರೋ ಮುಂಚೆ. ಭಾಗಮ್ಮನ ಅಂಗಳದಲ್ಲಿ ನಿಂತವ್ನೆ. "ಲೇ ತಿಪ್ಪೇಶ, ಈ ಮುದುಕಿ ನಿನ್ನ ಕೈಗೆ ಒಂದು ಮೊಟ್ಟೇನೂ ಕೊಟ್ಟಿಲ್ಲ ಅಂತ ಆಣೆ ಇಡ್ತಾಳೆ. ನೀನು ಹೇಳು, ಕೊಟ್ಲೋ ಇಲ್ವೋ? ಹೂಂ ಅಂದ್ರೆ ಕತ್ತು ಮುರೀತೀನಿ, ಇಲ್ಲ ಅಂದ್ರೆ ಬಿಡ್ತೀನಿ." ಹಿಂದೆ ಕೋಳಿ ಕೂಗ್ತಿದ್ವು. ನಾನು ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಕಟ್ ಮಾಡ್ದೆ. ಆವಾಗಿಂದ ಹೊಡ್ಕೊಳ್ತಾನೇ ಐತೆ. ಎತ್ತಿ ನಿಜ ಹೇಳಿದ್ರೆ ಮಾವ, ಅಜ್ಜಿ, ಅವ್ವ, ಕರಿಸಿದ್ದಪ್ಪ, ಎಲ್ಲರ ಕೈಯೂ ನನ್ನ ಕತ್ತಿಗೆ ಬರ್ತವೆ. ನಾನೂ ಕತ್ತಿರೋ ಪ್ರಾಣಿನೇ ತಾನೇ.

ಏಯ್, ಕೈ ಎಳೀಬೇಡ. ಸೂಜಿ ಕಿತ್ತು ಬರುತ್ತೆ. ನೋಡು, ಪೈಪಲ್ಲಿ ರಕ್ತ ವಾಪಸ್ ಬರ್ತಿದೆ. ಮಲಗು. ಫೋನು ಬೇಕಾ? ನೀನು ಎತ್ತಿ ಏನು ಮಾತಾಡ್ತೀಯ, ನಿನಗೆ ಗಂಟಲೇ ಇಲ್ಲ.

...ಹೂಂ. ನಾನೇ ಎತ್ತಬೇಕು. ಗೊತ್ತು. ಕೈ ಕೆಳಗೆ ಇಡು, ಎತ್ತುತೀನಿ.

ಹಲೋ ಮಾವ. ಹೂಂ... ಇಲ್ಲಿ ಸಿಗ್ನಲ್... ಇಲ್ಲ, ಸಿಗ್ನಲ್ ಐತೆ. ಕೇಳು ಇಲ್ಲಿ. ಭಾಗಮ್ಮ ಹೇಳ್ತಿರೋದು ನಿಜ. ಒಂದೂ ಕೊಟ್ಟಿಲ್ಲ. ಮೊಟ್ಟೆ ಕರಿಸಿದ್ದಪ್ಪನ ಫಾರಂದು, ಬಣ್ಣ ನಂದು. ...ಬಣ್ಣ ಮಾವ, ಬಣ್ಣ. ಟೀ. ...ಬೈ, ಬಂದು ಹೊಡಿ ಬೇಕಾದ್ರೆ, ಮೊದಲು ಕೈಯಲ್ಲಿರೋದನ್ನ ಕೆಳಗೆ ಬಿಡು. ...ಹೂಂ. ...ಯಾವಾಗ? ...ನಾನು ಕಟ್ ಮಾಡಿದ ಮೇಲಾ. ...ಹೂಂ. ...ಅದರ ಕೆಳಗಿದ್ದ ಮೊಟ್ಟೆ? ...ಹೂಂ. ...ಭಾಗಮ್ಮನಿಗೆ ಕೊಡು ಫೋನು. ...ಮಾತಾಡಲ್ವಂತಾ. ಸರಿ. ಸರಿ ಮಾವ.

ಆಯ್ತು ಕಣೇ. ಹೇಳಿಬಿಟ್ಟೆ. ಡಾಕ್ಟರಮ್ಮ ಬಂದಾಗ ಅವರಿಗೂ ನಾನೇ ಹೇಳ್ತೀನಿ, ಕಡೂರಿನ ಗಾಡಿಗಳ ವಿಷಯಾನೂ. ಕರಿಸಿದ್ದಪ್ಪ ಕೆಲಸದಿಂದ ಓಡಿಸ್ತಾನೆ, ಓಡಿಸ್ಲಿ, ಆ ಬನಿಯನ್ನು ಅವನೇ ಹಾಕ್ಕೊಳ್ಳಲಿ.

ಅಲ್ಲೇನಾಯ್ತು ಅಂತಾ? ಕೇಳಿಸ್ಕೋ, ಇದು ಮಜಾ. ಮಾವ ಅಂಗಳಕ್ಕೆ ಕಾಲಿಟ್ಟಿದ್ದೇ ತಡ, ಕೋಳಿಯೆಲ್ಲಾ ಹುಣಸೆಮರದ ತುದಿಗೆ. ಇವನು ಕಲ್ಲು ಬೀರಿದ್ದು ತಿರುಗಿ ಇವನ ಬೈಕಿನ ಕನ್ನಡಿಗೇ ಬಿತ್ತಂತೆ. ಆಮೇಲೆ ಸಿಟ್ಟಲ್ಲಿ ಹಟ್ಟಿ ಒಳಗೆ ಹೋಗಿ ಚುಕ್ಕೆ ಹ್ಯಾಟೆಗೆ ಕೈ ಹಾಕವ್ನೆ. ಬಿಡುತ್ತಾ ಅದು? ಹೆಬ್ಬೆರಳಿಗೆ ಕುಕ್ಕಿತು ನೋಡು, ರಕ್ತ. ಹಿಂದೆ ಸರಿದೋನು ಸೀದಾ ಗೊಬ್ಬರದ ತಿಪ್ಪೆಗೆ, ಅಂಗಾತ. ಆಸ್ಪತ್ರೆಗೆ ಬರೋಕೆ ಅಂತ ಹಾಕ್ಕೊಂಡಿದ್ದ ಬಿಳೀ ಷರ್ಟು. ಭಾಗಮ್ಮ ಬಯ್ಯೋದು ಬಿಟ್ಟು ನಗೋಕೆ ಶುರು ಮಾಡಿದ್ಲಂತೆ. ಬೆರಳಿಗೆ ಅರಿಶಿನ ಮೆತ್ತಿ, ಹಳೇ ಸೀರೆ ಚಿಂದಿ ಸುತ್ತಿ ಕೂರಿಸಿದ್ಲಂತೆ. ಹ್ಯಾಟೆ ಏನೂ ಆಗೇ ಇಲ್ಲ ಅನ್ನೋ ಹಂಗೆ ಮೊಟ್ಟೆ ಹೊರಳಿಸ್ಕೊಂಡು, ರೆಕ್ಕೆ ಹರಡ್ಕೊಂಡು...

ನಕ್ಕೆ. ಹಲ್ಲು ಕಾಣ್ತು, ಹಲ್ಲು ಕಾಣ್ತು. ಮುಚ್ಕೋಬೇಡ, ಅಜ್ಜಿ ಬರೋವರೆಗೂ ಹಂಗೇ ಇಟ್ಕೊಂಡಿರು.

ಏನು? ಕೈ ಯಾಕೆ ಬೊಗಸೆ ಮಾಡ್ತಿದ್ದೀಯ? ನೀರಾ? ...ಗಂಜಿನಾ? ಅಲ್ಲ. ಏನೋ ಸಣ್ಣದು, ಬೊಗಸೇಲಿ ಹಿಡಿಯೋ ಅಂಥದ್ದು...

ಪಿಳ್ಳೆ. ಯಾವಾಗ ಒಡೆದು ಬರ್ತವೆ ಅಂತ ಕೇಳ್ತಿದ್ದೀಯಾ.

...

ಧನು, ಬೊಗಸೆ ಬಿಡು. ಬಿಡೇ.

ಹುಣಸೆಮರ ನಿಜ. ಹೆಬ್ಬೆರಳಿಗೆ ಕುಕ್ಕಿದ್ದೂ ನಿಜ, ಆದ್ರೆ ಮಾವ ಕೈ ಬಿಡಲಿಲ್ಲ. ಅಲ್ಲಿಂದಾಚೆ ಕೊನೆಯೆಲ್ಲಾ ನಾನು ಕಟ್ಟಿದ್ದು.